ಪರ್ಮಿಷನ್ ತಗೊಳ್ಳೋಕೆ ನಿಮಗೇನ್ರೀ ಕಷ್ಟ?

ಊರು ಯಾವುದು ಅಂತ ಯಾರಾದರೂ ಕೇಳಿದರೆ ಕೋಲಾರದ ಕಡೆ ಅನ್ನುತ್ತೇನೆ. ಮೊದಲೆಲ್ಲ ಅದರ ಹಿಂದೆಯೇ ಚಿನ್ನದ ಗಣಿಯ ಮಾತು ಬರುತ್ತಿತ್ತು. ಈಗ ನೀರಿನದು. 'ಅಲ್ರೀ, ಸಾವಿರ ಅಡಿ ಕೊರೆದು ನೀರು ಖಾಲಿ ಮಾಡಿದ್ದು ನೀವೇ. ಸರ್ಕಾರ ಕಾನೂನು ತಂದ್ರೆ ಬೇಡ ಅಂತ ಕೂಗೋರೂ ನೀವೇ. ಪರ್ಮಿಷನ್ ತಗೊಂಡು ಬೋರ್ ಹಾಕಿಸೋಕೆ ಏನ್ ಕಷ್ಟ?'

ಇದಕ್ಕೆ ಮದುವೆ ಮನೆಯಲ್ಲಿ ಉತ್ತರ ಕೊಟ್ಟಿದ್ದೇನೆ, ಬಸ್ಸಿನಲ್ಲಿ ಕೊಟ್ಟಿದ್ದೇನೆ. ಒಮ್ಮೆ ಹಲ್ಲಿನ ಡಾಕ್ಟರೂ ಕೇಳಿದರು, ಬಾಯಲ್ಲಿ ಹತ್ತಿ ತುಂಬಿಟ್ಟು. ಇವತ್ತಿನವರೆಗೆ ನಾನು ಕೊಟ್ಟದ್ದರಲ್ಲಿ ಆವತ್ತಿನ ಉತ್ತರವೇ ಚೆನ್ನಾಗಿತ್ತೇನೋ. ಇನ್ನು ಬಾಯಿ ನೋಯಿಸಿಕೊಳ್ಳುವುದಿಲ್ಲ. ಬರೆದಿಟ್ಟಿದ್ದೇನೆ, ಓದಿಕೊಳ್ಳಿ.

ಒಪ್ಪಿಕೊಳ್ಳಬೇಕಾದ್ದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೌದು, ನೀರು ಎತ್ತಿದವರಲ್ಲಿ ನಾನೂ ಒಬ್ಬ. ತಾತನ ಕಪಿಲೆ ಬಾವಿ 40 ಅಡಿ ಇತ್ತು. ಅಪ್ಪ 1994ರಲ್ಲಿ ಹಾಕಿಸಿದ ಮೊದಲ ಬೋರು 280 ಅಡಿ. ನಾನು ಕೊನೆಗೆ ಹಾಕಿಸಿದ್ದು 1,350. ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ಹೊಳೆಯೂ ಇಲ್ಲ. ಕೆರೆ ತುಂಬಿದರೆ ಬಾವಿಗೆ ನೀರು, ಬಾವಿ ಬತ್ತಿದರೆ ಬೋರು.

ಇನ್ನು ಕಾನೂನು. ನಮ್ಮ ರಾಜ್ಯದ 1999ರ ಅಂತರ್ಜಲ ಕಾನೂನಿನ ಪ್ರಕಾರ ಊರಿನ ಕುಡಿಯುವ ನೀರಿನ ಬೋರಿನಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಬಾವಿ ತೋಡುವಂತಿಲ್ಲ. 2011ರದ್ದು ಬೇರೆ. ಅಂತರ್ಜಲ ತೀರಾ ಕುಸಿದಿದೆ ಅಂತ ಸರ್ಕಾರ ಅಧಿಸೂಚನೆ ಹೊರಡಿಸಿದ ಕಡೆ ಹೊಸ ಬೋರಿಗೆ ಅನುಮತಿ ಬೇಕು, ಇರುವ ಬೋರುಗಳನ್ನು ನೋಂದಣಿ ಮಾಡಿಸಬೇಕು. ಓದೋಕೆ ಎರಡೂ ಚೆನ್ನಾಗಿವೆ.

ಲೆಕ್ಕ ಹಾಕಿ ನೋಡಿ. 500 ಮೀಟರ್ ಅಂತ ಸುತ್ತ ಗೆರೆ ಎಳೆದರೆ ಒಳಗೆ ಸುಮಾರು 194 ಎಕರೆ ಬೀಳುತ್ತದೆ. ನನ್ನದು ಮೂರೂವರೆ ಎಕರೆ. ನಮ್ಮ ಬೋರು ಬಂದು ಎಷ್ಟೋ ವರ್ಷಗಳಾದ ಮೇಲೆ ಹೊಲದ ಪಕ್ಕದ ಗುಂಡುತೋಪಿನಲ್ಲಿ ಪಂಚಾಯ್ತಿ ಬೋರು ಬಂತು. ನಾನು ಅದರ ಪಕ್ಕ ಹೋಗಿ ಜಮೀನು ಮಾಡಿಕೊಂಡವನಲ್ಲ, ಅದೇ ನನ್ನ ಪಕ್ಕ ಬಂದದ್ದು. ಆದರೂ ಕಾನೂನಿನ ಕಣ್ಣಿಗೆ ಈಗ ಅತಿಕ್ರಮ ಮಾಡುವವನ ಹಾಗೆ ಕಾಣುವುದು ನಾನು. ಕುಡಿಯೋ ನೀರು ಮೊದಲು ಅನ್ನುವುದರಲ್ಲಿ ತಕರಾರಿಲ್ಲ. ಅದೇ ನೀರನ್ನು ನನ್ನ ಮಕ್ಕಳೂ ಕುಡಿದಿದ್ದಾರೆ.

ಅನುಮತಿ ಕೇಳಿಯೂ ನೋಡಿದ್ದೇನೆ. ಟೊಮೆಟೊ ಹೂ ಬಿಟ್ಟಿತ್ತು, ಮೂರನೇ ಬೋರು ನಿಂತುಹೋಯಿತು. ಪಹಣಿ, ನಕ್ಷೆ ಹಿಡಿದುಕೊಂಡು ಹೋಗಿ ಅರ್ಜಿ ಕೊಟ್ಟೆ. 'ಸ್ಥಳ ನೋಡೋಕೆ ಬರ್ತಾರೆ, ಹೋಗಿರಿ' ಅಂದರು. ಟೊಮೆಟೊಗೂ ಅದನ್ನೇ ಹೇಳಿದೆ. ಅದು ಎಂಟು ದಿನ ಕಾಯಿತು ಪಾಪ. ಸ್ಥಳ ನೋಡುವವರು ಬರುವ ಹೊತ್ತಿಗೆ ಗಿಡ ಕಿತ್ತು, ಹುರುಳಿ ಚೆಲ್ಲಿ, ಹುರುಳಿಯೂ ಮೊಳಕಾಲುದ್ದ ಬಂದಿತ್ತು.

ಪಕ್ಕದ ಹೊಲದವರ ಕಥೆ ಬೇರೆ. ಅವರಿಗೆ ಓಡುವ ಬೋರು ನಾಲ್ಕಿವೆ. ಕಾನೂನು ಬರುವ ಮೊದಲೇ ಹಾಕಿಸಿದ್ದು, ನೋಂದಣಿಯೂ ಆಗಿದೆ. ಅವರು ದಿನಕ್ಕೆ ಎಷ್ಟು ನೀರು ಎತ್ತಿದರೂ ಕೇಳೋರಿಲ್ಲ. ಬೋರು ಒಣಗಿದವನು ಹೊಸದು ಕೇಳಿದರೆ ಮಾತ್ರ ಅಂತರ್ಜಲದ ನೆನಪಾಗುತ್ತದೆ. ನೀರಿದ್ದವನಿಗೆ ಸರ್ಟಿಫಿಕೇಟು, ಇಲ್ಲದವನಿಗೆ ಅರ್ಜಿ ಫಾರಂ. ನಮ್ಮ ತಕರಾರು ಇದು, ಗೊತ್ತಾಯ್ತಾ? ತೂತು ಎಷ್ಟಿವೆ ಅಂತ ಎಣಿಸುತ್ತಾರೆ. ಒಂದೊಂದು ತೂತಿನಿಂದ ಎಷ್ಟು ನೀರು ಬರುತ್ತಿದೆ ಅಂತ ಅಳೆಯೋಕೆ ನಮ್ಮ ಹೊಲಕ್ಕೆ ಇವತ್ತಿನವರೆಗೆ ಯಾರೂ ಬಂದಿಲ್ಲ. ಮೇಲಿಂದ 10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಕರೆಂಟು ಪುಕ್ಕಟೆ. ಇದನ್ನು ನಮ್ಮ ಊರಿನ ಸಭೆಯಲ್ಲಿ ಹೇಳಿದರೆ ನನಗೆ ಏಟು ಬೀಳುತ್ತೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

2024ರ ಮಾರ್ಚ್‌ನಲ್ಲಿ ಅಕ್ಕನ ಮಗನ ಗೃಹಪ್ರವೇಶ. ವೈಟ್‌ಫೀಲ್ಡ್ ಕಡೆ, ಹನ್ನೊಂದನೇ ಮಹಡಿ. ಬೆಂಗಳೂರಲ್ಲಿ ನೀರಿಗೆ ಹಾಹಾಕಾರ ಎದ್ದಿದ್ದ ತಿಂಗಳು ಅದು. ಜಿಲ್ಲಾಡಳಿತ ಟ್ಯಾಂಕರಿಗೆ ದರ ಕಟ್ಟಿತ್ತು, 5 ಕಿಲೋಮೀಟರ್ ಒಳಗಾದರೆ 12,000 ಲೀಟರಿಗೆ 1,000 ರೂಪಾಯಿ. ಊಟ ಆದ ಮೇಲೆ ಬಾಲ್ಕನಿಯಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತಾ ನಿಂತಿದ್ದೆ. ಅಳಿಯ ಬಂದು ಅದೇ ಪ್ರಶ್ನೆ ಕೇಳಿದ. 'ಮಾವ, ಬೇಜಾರ್ ಮಾಡ್ಕೋಬೇಡಿ, ಪರ್ಮಿಷನ್ ತಗೊಂಡೇ ಹಾಕಿಸಿದ್ರೆ ಏನ್ ಪ್ರಾಬ್ಲಂ?' ಕೆಳಗೆ ಟ್ಯಾಂಕರೊಂದು ನೆಲದಡಿಯ ಸಂಪ್‌ಗೆ ನೀರು ಬಿಡುತ್ತಿತ್ತು. ಇಳಿದು ಹೋಗಿ ನಂಬರ್ ಪ್ಲೇಟು ನೋಡಿದೆ. ಕೆಎ 07. ನಮ್ಮ ಜಿಲ್ಲೆಯದೇ. ಒಂದು ಕ್ಷಣ ಊರವನು ಸಿಕ್ಕ ಅಂತ ಖುಷಿಯಾಯಿತು ನೋಡಿ, ಎಂಥ ಬುದ್ಧಿ. ಡ್ರೈವರನ್ನು ಕೇಳಿದೆ. 'ಮಾಲೂರ್ ಕಡೆಯಿಂದ ಅಣ್ಣ, ಒಬ್ರ ತೋಟದ ಬೋರು' ಅಂದ.

ಮೇಲೆ ಹೋಗಿ ಅಳಿಯನಿಗೆ ಏನೂ ಹೇಳಲಿಲ್ಲ. ಗೃಹಪ್ರವೇಶದ ದಿನ, ಅಕ್ಕ ಬೇರೆ ನೋಡುತ್ತಿದ್ದಳು. ಆದರೆ ಈಗ ಹೇಳುತ್ತೇನೆ. ನಮ್ಮ ನೀರು ಹೀಗೆ ಟ್ಯಾಂಕರ್ ಹತ್ತಿ ನಿಮ್ಮಲ್ಲಿಗೆ ಬರುತ್ತದೆ. 2018ರಿಂದ ಕೆ.ಸಿ. ವ್ಯಾಲಿ ಅನ್ನೋ ಬೆಂಗಳೂರಿನ ಕೊಳಚೆ ನೀರಿನ ಯೋಜನೆಯ ಪೈಪಿನಲ್ಲಿ ನಮ್ಮ ಕೆರೆಗಳಿಗೆ ವಾಪಸು ಬರುತ್ತಿದೆ, ನಿಮ್ಮ ಸ್ನಾನ ಎಲ್ಲಾ ಮುಗಿಸಿಕೊಂಡು, ಎರಡು ಹಂತ ಶುದ್ಧಿ ಮಾಡಿಸಿಕೊಂಡು. ಅದರಿಂದ ಅಂತರ್ಜಲ ಏರಿದೆ, ಸುಳ್ಳು ಹೇಳಲ್ಲ. ಆದರೆ ಆ ಕೆರೆಗೆ ಪಂಪ್ ಇಟ್ಟು ನೇರವಾಗಿ ಹೊಲಕ್ಕೆ ಎತ್ತುವಂತಿಲ್ಲ. ಅದು ಇಂಗಬೇಕು, ಆಮೇಲೆ ಬೋರಿನಿಂದ ಎತ್ತಬೇಕು. ಬೋರಿಗೆ? ಪರ್ಮಿಷನ್.

ಇಷ್ಟು ಜನ ಇಷ್ಟು ಪ್ರಶ್ನೆ ಕೇಳಿದ್ದಾರೆ, ಒಬ್ಬರಾದರೂ ಇದನ್ನು ಕೇಳಿಲ್ಲ: ನಾಲ್ಕು ಬೋರು ಒಣಗಿದ ಮೇಲೂ ಐದನೆಯದು ಯಾಕೆ ಕೊರೆಸಿದೆ?

ನೀರು ಎಲ್ಲಿದೆ ಅಂತ ಪಾಯಿಂಟ್ ಹಾಕೋಕೆ ಬಂದವರ ಅಂಗೈ ಮೇಲೆ ತೆಂಗಿನಕಾಯಿ ನೆಟ್ಟಗೆ ಎದ್ದು ನಿಂತಿತು. ನಾನು ಬಿಎಸ್ಸಿ ಓದಿದವನು, ಆದರೂ ನಂಬಿದೆ. ತಮಿಳುನಾಡಿನ ತಿರುಚೆಂಗೋಡಿನಿಂದ ಬೋರ್ ಕೊರೆಯೋ ಲಾರಿ ರಾತ್ರಿ ಬಂತು. 700 ಅಡಿ, ಧೂಳು. 900, ಧೂಳು. ಹಿಟ್ಟಿನ ಗಿರಣಿಯಲ್ಲಿ ನಿಂತ ಹಾಗೆ ಎಲ್ಲರ ಹುಬ್ಬೂ ಬೆಳ್ಳಗಾಗಿತ್ತು. ಆಳ ಹೋದಷ್ಟೂ ಅಡಿಯ ರೇಟು ಏರುತ್ತದೆ. ಪ್ರತಿ 100 ಅಡಿಗೆ ಲಾರಿಯವನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದ. ನಾನು ಹೆಂಡತಿಯ ಮುಖ ನೋಡುತ್ತಿದ್ದೆ. ಅವಳು ಕತ್ತು ಮುಟ್ಟಿಕೊಂಡು 'ಇನ್ನೊಂದು ನೂರು' ಅನ್ನುತ್ತಿದ್ದಳು. ಸರ ಅದಾಗಲೇ ಬ್ಯಾಂಕಿನಲ್ಲಿತ್ತು. 1,350ಕ್ಕೆ ಕೆಸರು ಬಂತು, ಆಮೇಲೆ ಒಂದೂವರೆ ಇಂಚು ನೀರು. ಅಲ್ಲಿ ನಿಂತಿದ್ದವರೆಲ್ಲ ಆ ನೀರನ್ನು ಮುಖಕ್ಕೆ ಹಚ್ಚಿಕೊಂಡರು. ಹದಿನಾಲ್ಕು ತಿಂಗಳು ಬಂತು ಅದು.

ಯಾಕೆ ಕೊರೆಸಿದೆ ಅಂದರೆ, 900 ಅಡಿಯಲ್ಲಿ ನಿಲ್ಲಿಸಿದ್ದರೆ ಆ 900 ಅಡಿಯ ದುಡ್ಡು ಹೋಯಿತಲ್ಲ, ಅದಕ್ಕೆ. ಪರ್ಮಿಷನ್ ತಗೊಂಡಿದ್ದೆಯಾ ಅಂತ ಈಗ ಕೇಳಬೇಡಿ.

2024ರಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಮಗು ಬೋರಿಗೆ ಬಿದ್ದು ಬದುಕಿ ಬಂದದ್ದು ನೆನಪಿದೆಯಲ್ಲ. ಆ ವರ್ಷವೇ ಅಂತರ್ಜಲ ಕಾನೂನಿನ ತಿದ್ದುಪಡಿಗೆ ಮಸೂದೆ ಬಂತು, ನೀರು ಬಾರದ ಬೋರಿನ ಬಾಯಿ ಮುಚ್ಚದವರಿಗೆ ಶಿಕ್ಷೆ ಅಂತ. ಅದರ ಬಗ್ಗೆ ನಾನು ಒಂದು ಮಾತೂ ಆಡಿಲ್ಲ, ಆಡುವುದೂ ಇಲ್ಲ. ನನ್ನ ಐದರಲ್ಲಿ ಮೂರಕ್ಕೆ ಮುಚ್ಚಳ ಹಾಕಿಸಿದ್ದೇನೆ. ನಾಲ್ಕನೆಯದರ ಮೇಲೆ ಗೋಣಿಚೀಲ, ಅದರ ಮೇಲೆ ಚಪ್ಪಡಿ ಕಲ್ಲು. ಐದನೆಯದರ ಒಳಗೆ ಇನ್ನೂ ಮೋಟರು ಇದೆ. ಎತ್ತಿಸಿಲ್ಲ.