ಏರ್‌ಬೋರ್ನ್ ಬೋರ್ಡು ಹಾಕಿದ ಮೇಲೆ ನಾನು ಮೊದಲು ನೋಡುವುದು ಕಿಟಕಿ

ನಾನು ಇನ್ಫೆಕ್ಷನ್ ಕಂಟ್ರೋಲ್ ನರ್ಸ್. ರೋಗ ಹೇಗೆ ಹರಡುತ್ತದೆ ಅಂತ ಹೇಳುವ ಬೋರ್ಡುಗಳಲ್ಲಿ ಯಾವ ರೋಗಿಯ ಬಾಗಿಲಿಗೆ ಯಾವುದು ಅನ್ನೋದು ನನ್ನ ಕೆಲಸದಲ್ಲೇ ಬರುತ್ತದೆ. ಕಾಂಟ್ಯಾಕ್ಟ್ ಅಂದರೆ ಮುಟ್ಟಿದರೆ ಹರಡುವುದು. ಡ್ರಾಪ್ಲೆಟ್ ಅಂದರೆ ಹತ್ತಿರ ಇದ್ದಾಗ ಕೆಮ್ಮಿನ ಹನಿ ಸಿಡಿದು ಹರಡುವುದು. ಇವೆರಡೂ ಎಲ್ಲರಿಗೂ ಬೇಗ ತಲೆಗೆ ಹತ್ತುತ್ತವೆ. ಏರ್‌ಬೋರ್ನ್ ಅಂದರೆ ಗಾಳಿಯಲ್ಲಿ ತೇಲಿ ಹರಡುವುದು. ಆ ಬೋರ್ಡು ಹಾಕಿದ ದಿನ ಮಾತ್ರ ವಾರ್ಡಿನಲ್ಲಿ ಒಂದೇ ಪ್ರಶ್ನೆ: “ಸಿಸ್ಟರ್, ಎನ್-95 ಸ್ಟಾಕ್ ಇದೆಯಾ?”

ಮಾಸ್ಕ್ ಬೇಡ ಅನ್ನಲ್ಲ. ಸಿಬ್ಬಂದಿಗೆ ಎನ್-95, ರೋಗಿಗೆ ಸರ್ಜಿಕಲ್ ಮಾಸ್ಕ್. (ಇದನ್ನು ಉಲ್ಟಾ ಮಾಡುವವರೂ ಇದ್ದಾರೆ.) ಆದರೆ ಎನ್-95 ಕಾಪಾಡುವುದು ಹಾಕಿಕೊಂಡವರನ್ನು. ಪಕ್ಕದ ಮಂಚದವರು, ನೋಡಲು ಬಂದ ಅಣ್ಣತಮ್ಮಂದಿರು, ಊಟದ ಗಾಡಿ ತಳ್ಳಿಕೊಂಡು ಬರುವವರು ಎಲ್ಲರೂ ಉಸಿರಾಡುವುದು ಅದೇ ರೂಮಿನ ಗಾಳಿ.

ನಮ್ಮ ಏರ್‌ಬೋರ್ನ್ ಪಟ್ಟಿಯಲ್ಲಿ ಮುಖ್ಯವಾದವು ಮೂರು: ಟಿಬಿ, ದಡಾರ, ಚಿಕನ್‌ಪಾಕ್ಸ್. ಟಿಬಿ ರೋಗಿ ಕೆಮ್ಮಿದಾಗ ಹನಿಯ ನೀರು ಆರಿ, ಕೆಲವೇ ಮೈಕ್ರಾನಿನ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್) ಕಣ ಉಳಿಯುತ್ತದೆ. ಅದು ಗಂಟೆಗಟ್ಟಲೆ ತೇಲುತ್ತದೆ. ದಡಾರದ ಮಗು ಎದ್ದು ಹೋದ ಮೇಲೂ 2 ಗಂಟೆಯವರೆಗೆ ಆ ಗಾಳಿಯಿಂದ ರೋಗ ಹತ್ತಬಹುದು. ರೋಗಿ ಎಕ್ಸ್-ರೇಗೆ ಹೋಗಿದ್ದಾರೆ, ರೂಮು ಖಾಲಿ ಇದೆ ಅಂತ ಮಾಸ್ಕ್ ಇಳಿಸಿ ಬೆಡ್‌ಶೀಟ್ ಬದಲಿಸುವವರಿಗೆ ನಾನು ಲೆಕ್ಕವನ್ನೇ ಹೇಳುತ್ತೇನೆ. ರೂಮಿನ ಗಾಳಿ ಗಂಟೆಗೆ 12 ಸಲ ಬದಲಾದರೆ, ಉಳಿದ ಕಣದಲ್ಲಿ ಶೇ. 99ರಷ್ಟು ಹೋಗಲು 23 ನಿಮಿಷ ಸಾಕು. 2 ಸಲ ಮಾತ್ರ ಬದಲಾದರೆ 138 ನಿಮಿಷ ಬೇಕು.

12 ಸಲ ಬದಲಾಗಲು ಗಾಳಿ ಬದಲಿಸುವ ದುಬಾರಿ ಮೆಷಿನ್ನೇ ಬೇಕು ಅಂತೇನಿಲ್ಲ. ಪೆರುವಿನ ಲಿಮಾ ನಗರದ ಆಸ್ಪತ್ರೆಗಳಲ್ಲಿ ಇದನ್ನು ಅಳೆದು ನೋಡಿದ್ದಾರೆ, ವರದಿ ಬಂದದ್ದು 2007ರಲ್ಲಿ. 1950ಕ್ಕಿಂತ ಹಿಂದೆ ಕಟ್ಟಿದ, ಎತ್ತರದ ಸೂರು, ದೊಡ್ಡ ಕಿಟಕಿಯ ವಾರ್ಡುಗಳಲ್ಲಿ ಕಿಟಕಿ ತೆರೆದಾಗ ಗಂಟೆಗೆ ಸುಮಾರು 40 ಸಲ ಗಾಳಿ ಬದಲಾಗಿತ್ತು. ಮೆಷಿನ್ ಹಾಕಿದ ಹೊಸ ರೂಮುಗಳ ಲೆಕ್ಕ 12. ಹಳೇ ಟಿಬಿ ಸ್ಯಾನಟೋರಿಯಂಗಳನ್ನು ಊರಾಚೆ ಬಯಲಲ್ಲಿ, ಉದ್ದ ವರಾಂಡ ಬಿಟ್ಟು ಕಟ್ಟುತ್ತಿದ್ದವರು ಸುಮ್ನೆ ಹಾಗೆ ಮಾಡಲಿಲ್ಲ ಅಲ್ವಾ?

ಆದರೆ ಕಿಟಕಿ ತೆರೆದಿಡಿಸುವುದು ಮಾಸ್ಕ್ ಹಾಕಿಸುವುದಕ್ಕಿಂತ ಕಷ್ಟ. ರಾತ್ರಿ ರೌಂಡಿಗೆ ಹೋದರೆ ಎಲ್ಲಾ ಕಿಟಕಿಗೂ ಚಿಲಕ. “ಥಂಡಿ ಗಾಳಿ ಸಿಸ್ಟರ್, ಹುಡುಗನಿಗೆ ಕಫ ಜಾಸ್ತಿ ಆಗುತ್ತೆ” ಅನ್ನುತ್ತಾರೆ ಜೊತೆಗಿರುವ ಅಜ್ಜಿ. ಅಲ್ಲಿ ಮೈಕ್ರಾನಿನ ಪಾಠ ನಡೆಯಲ್ಲ. ಇನ್ನೊಂದು ಕಂಬಳಿ ಕೊಟ್ಟು, ಮಂಚವನ್ನು ಕಿಟಕಿಯ ನೇರದಿಂದ ಸ್ವಲ್ಪ ಸರಿಸಿ, “ಈಗ ಚಿಲಕ ತೆಗೀಲಾ ಅಜ್ಜಿ?” ಅಂದರೆ ಒಪ್ಪುತ್ತಾರೆ. ಸೊಳ್ಳೆ ಕಾಟಕ್ಕೆ ಮುಚ್ಚಿದ್ದರೆ ಜಾಲರಿ ಹಾಕಿಸಬೇಕು. ಆ ಜಾಲರಿಯನ್ನು ಉಜ್ಜಿ ತೊಳೆಸಲೂ ಬೇಕು. ಧೂಳು, ಬಟ್ಟೆಯ ನವಿರೆಳೆ ಸೇರಿ ಬೂದು ಕಂಬಳಿ ಹೊದಿಸಿದ ಹಾಗೆ ಆಗಿರುತ್ತದೆ, ಕಿಟಕಿ ತೆರೆದಿದ್ದರೂ ಗಾಳಿ ಒಳಗೆ ಬರಲ್ಲ.

ಗಾಳಿ ಎತ್ತ ಹೋಗುತ್ತದೆ ಅಂತ ನೋಡಲು ನನ್ನ ಹತ್ತಿರ ಇರುವ ಉಪಕರಣ ಊದುಬತ್ತಿ. ಖಾಲಿ ರೂಮಿನಲ್ಲಿ ಮಾತ್ರ, ಆಕ್ಸಿಜನ್ ಹತ್ತಿರ ಖಂಡಿತ ಬೇಡ. ಬಾಗಿಲ ಸಂದಿಯಲ್ಲಿ ಹಿಡಿದಾಗ ಹೊಗೆ ರೂಮಿನೊಳಗೆ ಹೋಗಿ ಕಿಟಕಿಯಿಂದಾಚೆ ಹೊರಟರೆ ಸರಿ. ಕಾರಿಡಾರಿಗೆ ವಾಲಿದರೆ ಆ ರೂಮಿಗೆ ಟಿಬಿ ರೋಗಿಯನ್ನು ಹಾಕಲ್ಲ. ಒಪಿಡಿಯಲ್ಲೂ ಇದೇ ಲೆಕ್ಕ: ಗಾಳಿ ಡಾಕ್ಟರ ಬೆನ್ನ ಕಡೆಯಿಂದ ಬಂದು ರೋಗಿಯನ್ನು ದಾಟಿ ಆಚೆ ಹೋಗಬೇಕು. ಅದಕ್ಕೆ ಒಂದು ಪೈಸೆ ಖರ್ಚಿಲ್ಲ, ಮೇಜು ತಿರುಗಿಸಿದರಾಯಿತು.

ಯಾವುದನ್ನು ಡ್ರಾಪ್ಲೆಟ್ ಅನ್ನಬೇಕು, ಯಾವುದನ್ನು ಏರ್‌ಬೋರ್ನ್ ಅನ್ನಬೇಕು ಅನ್ನೋ ಹೆಸರಿನ ಜಗಳ ದೊಡ್ಡವರನ್ನೂ ಬಿಟ್ಟಿಲ್ಲ. 2020ರ ಮಾರ್ಚಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ಏರ್‌ಬೋರ್ನ್ ಅಲ್ಲ ಅಂದಿತ್ತು. ಆಮೇಲೆ ನಿಲುವು ಬದಲಾಯಿತು. 2024ರ ಏಪ್ರಿಲಿನಲ್ಲಿ ಹನಿಯ ಗಾತ್ರದ ಗೆರೆಯನ್ನೇ ಬಿಟ್ಟು, ಚಿಕ್ಕದಿರಲಿ ದೊಡ್ಡದಿರಲಿ, ಗಾಳಿಯ ಮೂಲಕ ಹರಡುವುದು ಅಂತ ಒಟ್ಟಿಗೆ ಕರೆಯಿತು. ನನಗೆ ಇದು ಸರಿ ಅನಿಸುತ್ತದೆ. ಕೆಮ್ಮುವವರು ಅಳತೆ ಮಾಡಿ ಕೆಮ್ಮಲ್ಲ.

ಈಚೆಗೆ ದಾನಿಗಳು ವಾರ್ಡಿಗೆ ಸ್ಪ್ಲಿಟ್ ಏಸಿ ಕೊಡಲು ಮುಂದೆ ಬರುತ್ತಾರೆ. ಅದು ಒಳಗಿನ ಗಾಳಿಯನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ, ಹೊರಗಿನದನ್ನು ತರಲ್ಲ. ಜೊತೆಗೆ ಕಿಟಕಿಯನ್ನೂ ಮುಚ್ಚಿಸುತ್ತದೆ. ಕೊಡುವುದಾದರೆ ಎಕ್ಸಾಸ್ಟ್ ಫ್ಯಾನ್ ಕೊಡಿ ಅಂತೀನಿ. ಇಲ್ಲವಾದರೆ ಅಂಗಳದಲ್ಲಿ ಒಂದು ತಗಡಿನ ಚಪ್ಪರ ಹಾಕಿಸಿಕೊಡಿ. ಕಫದ ಸ್ಯಾಂಪಲ್ ಕೊಡುವವರು ಮುಚ್ಚಿದ ಬಾತ್‌ರೂಮಿಗೆ ಹೋಗಿ ಕೆಮ್ಮುವುದು ತಪ್ಪುತ್ತದೆ.