ಎಲ್ಲಾರ ಉಸಿರೂ 20 ಹೆಂಗ?

12 ಅಕ್ಟೋಬರ್ 2025, ಭಾನುವಾರ
ಹಡಪ್ಸರ್, ಪುಣೆ

ಇವತ್ತು ವೀಕ್ಲಿ ಆಫ್. ಮಧ್ಯಾಹ್ನ ಎರಡು ತಾಸು ಮಲಗಬೇಕು ಅಂದ್ಕೊಂಡಿದ್ದೆ, ಆದ್ರ ಬೆಳಿಗ್ಗೆ ಹತ್ತಕ್ಕ ಅಕ್ಕನ ಮಗಳು ಹಾಸ್ಟೆಲ್‌ನಿಂದ ಬಂದ್ಲು, ಬ್ಯಾಗಿನ್ಯಾಗ ಬಟ್ಟಿಗಿಂತ ಪುಸ್ತಕ ಜಾಸ್ತಿ. ಬಿಎಸ್ಸಿ ನರ್ಸಿಂಗ್ ಫಸ್ಟ್ ಸೆಮ್, ಸೇರಿ ಒಂದೂವರೆ ತಿಂಗಳಾತು. ಚಪ್ಪಲಿ ಬಿಡೂಕಿಂತ ಮೊದಲ ಶುರು, "ಚಿಗವ್ವ, ನನಗ ಇದು ಆಗಂಗಿಲ್ಲ, ವಾಪಸ್ ಇಂಡಿಗೆ ಹೋಗ್ತೀನಿ." (ಪುಣೆಗೆ ಬಂದ ಮ್ಯಾಲ ನಾನು ಮರಾಠಿಯವರಂಗ ಮೌಶಿ ಆಗೇನಿ. ಅಳೂ ಮುಂದ ಮಾತ್ರ ಚಿಗವ್ವ.)

ಅವಲಕ್ಕಿ ಹಚ್ಚಿ ಕೊಟ್ಟೆ. ತಿಂತಾ ತಿಂತಾ ಅನಾಟಮಿ ಪುಸ್ತಕ ತಗದು ತೋರ್ಸಿದ್ಲು, 206 ಎಲುಬಿನ ಹೆಸರು ಬಾಯಿಪಾಠ ಮಾಡಾಕತ್ತಾಳಂತ, ಹತ್ತನೇ ಕ್ಲಾಸಿನತನ ಕನ್ನಡ ಮೀಡಿಯಂ ಕಲಿತಾಕಿಗೆ ಅದು ಮಂತ್ರ ಹೇಳ್ದಂಗ. ಶಬ್ದ ಮುರದು ಓದು ಅಂದೆ. ನೆಫ್ರೋ ಅಂದ್ರ ಕಿಡ್ನಿ, ಹೆಪಾಟೋ ಅಂದ್ರ ಲಿವರ್, ಹಿಂದ ಐಟಿಸ್ ಬಂದ್ರ ಉರಿಯೂತ, ಎಕ್ಟಮಿ ಬಂದ್ರ ಕಡದು ತಗದಾರ ಅಂತ, ಇಂಥವು ಒಂದು ಐವತ್ತು ಬಂದ್ರ ಅರ್ಧ ಪುಸ್ತಕ ತಾನ ಬಿಡಿಸ್ಕೋತದ. ಹೈಪೋ ಅಂದ್ರ ಕಡಿಮಿ, ಹೈಪರ್ ಅಂದ್ರ ಜಾಸ್ತಿ, ಆದ್ರ ರಾತ್ರಿ ಡಾಕ್ಟರ್‌ಗೆ ಫೋನ್ ಹಚ್ಚಿದಾಗ ಎರಡೂ ಒಂದ ಥರಾ ಕೇಳ್ತಾವ, ಅದಕ್ಕ "ಶುಗರ್ 52 ಅದರಿ" ಅಂತ ನಂಬರೇ ಹೇಳ್ಬೇಕು. ಇನ್ನ ಬಲ ಎಡ ಅಂದ್ರ ಯಾವಾಗ್ಲೂ ಪೇಷಂಟಿನ ಬಲ ಎಡ, ನಮ್ದಲ್ಲ.

ಆಮ್ಯಾಲ ಕೇಳಿದೆ, ಉಸಿರು ಎಣಿಸೂದು ಕಲಿಸ್ಯಾರೇನು? "ಅದೇನ್ ಮೌಶಿ, ನಿಮಿಷಕ್ಕ 12ರಿಂದ 20, ಅಷ್ಟ ಅಲ್ಲಾ." (ಮೌಶಿ ಆದೆ, ಅಂದ್ರ ಅಳು ನಿಂತು.)

ಆಗ ನನ್ನ ನರ್ಸಿಂಗ್ ಫಸ್ಟ್ ಇಯರ್ ಕಥಿ ಹೇಳಿದೆ, ಇದನ್ನ ನಮ್ಮ ಮನಿಯವರಿಗೂ ಪೂರ್ತಿ ಹೇಳಿಲ್ಲ. ಜನರಲ್ ವಾರ್ಡ್, 12 ಬೆಡ್, ನನ್ನ ಕೈಯಾಗ ಚಾರ್ಟ್. ಟೆಂಪರೇಚರ್, ನಾಡಿ, ಬಿಪಿ ಎಲ್ಲಾ ಸರಿಯಾಗಿ ನೋಡಿದೆ, ಉಸಿರಿನ ಕಾಲಂನ್ಯಾಗ ಮಾತ್ರ ಮ್ಯಾಲಿಂದ ಕೆಳಗ 20, 20, 20. ನಿನ್ನಿದೂ ಹಂಗ ಇತ್ತು, ಮೊನ್ನಿದೂ ಹಂಗ ಇತ್ತು, ಸೀನಿಯರ್ಸ್ ಎಲ್ಲಾ ಹಂಗ ಬರೀತಿದ್ರು. ವಾರ್ಡ್ ಸಿಸ್ಟರ್ ಚಾರ್ಟ್ ನೋಡಿದ್ರು, ಬೈಲಿಲ್ಲ, 7ನೇ ಬೆಡ್ಡಿನ ಅಜ್ಜನ ಮುಂದ ಸ್ಟೂಲ್ ಹಾಕಿ ಕುಂಡ್ರಿಸಿ ತಮ್ಮ ಗಡಿಯಾರ ಬಿಚ್ಚಿ ಕೈಗೆ ಕೊಟ್ರು. ಅಜ್ಜ ಮೊಣಕಾಲ ಮ್ಯಾಲ ಕೈ ಊರಿ ಮುಂದ ಬಗ್ಗಿ ಕುಂತಿದ್ದ, ಮೂಗಿನ ಹೊಳ್ಳಿ ಅರಳ್ತಿದ್ದು, ಉಸಿರು ಎಳ್ದಾಗೊಮ್ಮೆ ಕುತ್ತಿಗಿ ಬುಡದಾಗ ಗುಳಿ ಬೀಳ್ತಿತ್ತು. ಇಷ್ಟೆಲ್ಲಾ ಹತ್ತು ನಿಮಿಷದ ಹಿಂದೂ ಇತ್ತು, ನಾನ ಅವನ ಕೈ ಹಿಡದು ನಾಡಿ ನೋಡಿ ಹೋಗಿದ್ದೆ. ಎಣಿಸಿದೆ. 34. ನ್ಯುಮೋನಿಯಾ. ಅವತ್ತ ಸಂಜಿಗೆ ಐಸಿಯುಗೆ ಶಿಫ್ಟ್ ಮಾಡಿದ್ರು, ಅಜ್ಜ ಉಳದ, ಆದ್ರ ಆ ಕಾಲಂನ್ಯಾಗ 20 ಅಂತ ಇದ್ದ ನನ್ನ ಅಕ್ಷರ ಇನ್ನೂ ಕಣ್ಣ ಮುಂದ ಅದ.

ಬಿಪಿ ಬೀಳೂಕಿಂತ ಎಷ್ಟೋ ಮೊದಲ ಉಸಿರು ಏರ್ತದ, ಭಾಳ ಸಲ ಮೈ ಕೊಡೂ ಮೊದಲನೇ ಸುದ್ದಿ ಅದು. ಮಷೀನ್ ಇಲ್ದ ಎಣಿಸಬೇಕಾದದ್ದೂ ಅದ, ಎಲ್ಲಾರೂ ಅಂದಾಜಿಗೆ ಬರೆಯೂದೂ ಅದನ್ನ. ಪೂರ್ತಿ ಒಂದು ನಿಮಿಷ ಎಣಿಸಬೇಕು, ಪೇಷಂಟಿಗೆ ಹೇಳಬಾರದು, ಹೇಳಿದ್ರ ಅವರ ಉಸಿರು ತಾನ ಬದಲಾಗ್ತದ. ನಾಡಿ ನೋಡಿದ ಮ್ಯಾಲ ಬೆರಳು ಅಲ್ಲೇ ಇಟ್ಟು ನಾಡಿ ನೋಡಿದಂಗ ಮಾಡ್ಕೋತ ಎದಿ ನೋಡು ಅಂದೆ. ನಾಡಿಗೆ ಹೆಬ್ಬೆರಳು ಬ್ಯಾಡ, ಅದರಾಗ ನಮ್ದ ನಾಡಿ ಬಡೀತದ.

ಪ್ರಾಕ್ಟಿಕಲ್‌ಗೆ ನಮ್ಮ ಮನಿಯವರು ಸೋಫಾ ಮ್ಯಾಲ ತಯಾರೇ ಇದ್ರು, ಬಾಯಿ ತಗದು ಗೊರಕಿ. ಆಕಿ ಎಣಿಸಿದ್ದು 15, ನಾನು ಎಣಿಸಿದ್ದು 14. ನಡುವ ಒಮ್ಮೆ ಗೊರಕಿ ನಿಂತ ಬಿಡ್ತು, ಎದಿ ಅಳ್ಳಾಡ್ತದ ಆದ್ರ ಸಪ್ಪಳ ಇಲ್ಲ, ಹತ್ತು ಸೆಕೆಂಡ್ ದಾಟಿದ ಮ್ಯಾಲ ಗಪ್ಪನ ಎಳಕೊಂಡ್ರು. "ಮೌಶಿ, ಕಾಕಾಗ ಏನಾತು?" ಅಂತ ಹೆದರಿದ್ಲು. ಸ್ಲೀಪ್ ಸ್ಟಡಿ (ನಿದ್ದಿಯಾಗ ಉಸಿರು ನೋಡೂ ಪರೀಕ್ಷೆ) ಮಾಡಿಸ್ರಿ ಅಂತ ಎರಡು ವರ್ಷದಿಂದ ಹೇಳಾಕತ್ತೀನಿ, ನರ್ಸ್ ಮಾತು ಮನ್ಯಾಗ ಯಾರ ಕೇಳ್ತಾರ.

ಊಟ ಆದ ಮ್ಯಾಲ ಲೆಕ್ಕ. ಈ ಹುಡುಗ್ರಿಗೆ ಬಯಾಲಜಿ ಬರ್ತದ, ಗುಣಾಕಾರ ಭಾಗಾಕಾರ ಅಂದ್ರ ಮೊಬೈಲ್ ತಗೀತಾರ. ಕಿರಾಣಿ ಬಿಲ್ಲಿನ ಹಿಂದ ಬರಸಿದೆ: 500 ಎಂಎಲ್ ಸಲೈನ್ 8 ತಾಸಿನ್ಯಾಗ ಹೋಗ್ಬೇಕು, ಸಲೈನ್ ಹಚ್ಚೂ ನಳಿಕಿ ಸೆಟ್ಟಿನ ಮ್ಯಾಲ ಎಂಎಲ್‌ಗೆ 20 ಹನಿ ಅಂತ ಅದ. 500 ಇಂಟು 20 ಅಂದ್ರ 10,000 ಹನಿ, 480 ನಿಮಿಷ, ಭಾಗಿಸಿದ್ರ ನಿಮಿಷಕ್ಕ ಸುಮಾರು 21. ಮಕ್ಕಳ ಮೈಕ್ರೋ ಸೆಟ್ ಇದ್ರ ಎಂಎಲ್‌ಗೆ 60 ಹನಿ, ಉತ್ತರ ಮೂರು ಪಟ್ಟು ಆಗ್ತದ. ಪಾಯಿಂಟ್ ಫೈವ್ ಬರೆಯೂ ಮುಂದ 0.5 ಅಂತ ಸೊನ್ನಿ ಹಾಕೇ ಬರೀಬೇಕು, ಐದು ಅಂದ್ರ ಬರೇ 5, 5.0 ಬರದ್ರ ಚುಕ್ಕಿ ಕಾಣದ 50 ಆಗ್ತದ.

ಫ್ರಿಜ್ ಬಾಗಿಲದಾಗ ನಮ್ಮ ಅತ್ತಿಯವರ ಇನ್ಸುಲಿನ್ ಬಾಟ್ಲಿ ಇತ್ತು, ತಗದು ಲೇಬಲ್ ಓದು ಅಂದೆ. ಎಂಎಲ್‌ಗೆ 40 ಯುನಿಟ್. ಅದಕ್ಕ ಕೆಂಪು ಕ್ಯಾಪಿನ ಸಿರಿಂಜ್. ಕಿತ್ತಳಿ ಕ್ಯಾಪಿಂದು 100 ಯುನಿಟ್ ಇನ್ಸುಲಿನ್‌ಗೆ. ಈಗ ಈ ಬಾಟ್ಲಿಯಿಂದ ಕಿತ್ತಳಿ ಸಿರಿಂಜಿನ್ಯಾಗ 20ರ ಗೆರಿತನ ಎಳದ್ರ ಎಷ್ಟು ಹೋಗ್ತದ? ಐದು ನಿಮಿಷ ಪೆನ್ ಕಚ್ಚಿ "0.2 ಎಂಎಲ್... 8 ಯುನಿಟ್" ಅಂದ್ಲು. ಉಲ್ಟಾ ಆದ್ರ, ಅಂದ್ರ 100ರ ಬಾಟ್ಲಿ, ಕೆಂಪು ಕ್ಯಾಪು, ಅದೇ 20ರ ಗೆರಿ? ಬರದ್ಲು, 20ರ ಬದಲಿ 50 ಯುನಿಟ್ ಬಂತು, ಪೆನ್ ಕೆಳಗ ಇಟ್ಟು ನನ್ನ ಮುಖ ನೋಡಿದ್ಲು. ಊರಿಗೆ ಹೋಗೂ ಮಾತು ಆಮ್ಯಾಲ ಬರ್ಲಿಲ್ಲ.

ಸಂಜಿಗೆ ಬಸ್ ಸ್ಟಾಪಿಗೆ ನಡಕೋತ ಹೋಗೂ ಮುಂದ ನರ್ಸಿಂಗಿಗೆ ಹೆಸರಾದ ಫ್ಲಾರೆನ್ಸ್ ನೈಟಿಂಗೇಲ್ ಬಗ್ಗೆ ಸೆಮಿನಾರ್ ಕೊಟ್ಟಾರ ಅಂದ್ಲು, ಹುಟ್ಟಿದ್ದು 12 ಮೇ 1820 ಅಂತ ಶುರು ಮಾಡಿದ್ಲು. ಆಕಿ ದೊಡ್ಡಾಕಿ, ಇಲ್ಲ ಅನ್ನಂಗಿಲ್ಲ, ಆದ್ರ ನಾವು ನಡದಿರೂ ಈ ಹಡಪ್ಸರ್ ಕಡೇನ 1897ರ ಪ್ಲೇಗಿನ್ಯಾಗ ಸಾವಿತ್ರಿಬಾಯಿ ಫುಲೆ ಮಗ ಯಶವಂತನ ಜೊತಿ ರೋಗಿಗಳ ಸೇವಾ ಮಾಡಿದ್ರು, ಮುಂಢ್ವಾದಿಂದ ಒಂದು ಹುಡುಗನ್ನ ಬೆನ್ನ ಮ್ಯಾಲ ಹೊತ್ಕೊಂಡು ಬಂದು ತಾವೂ ಪ್ಲೇಗ್ ಹತ್ತಿ ಮಾರ್ಚ್ 10ಕ್ಕ ತೀರ್ಕೊಂಡ್ರು. ಇಲಿ ಮೈಮ್ಯಾಲಿನ ಚಿಗಟದಿಂದ ಪ್ಲೇಗ್ ಹರಡ್ತದ ಅಂತ ಸಿಮಂಡ್ ಅನ್ನೋ ಫ್ರೆಂಚ್ ಡಾಕ್ಟರ್ ಕಂಡುಹಿಡದದ್ದು 1898ರಾಗ, ಮುಂದಿನ ವರ್ಷ. "ಬರೇ ಒಂದು ವರ್ಷ ಮೌಶಿ?" ಅಂದ್ಲು, ಅಷ್ಟರಾಗ ಬಸ್ ಬಂತು.

ಶೇಂಗಾ ಹೋಳಿಗಿ ಡಬ್ಬಿ ಇಲ್ಲೇ ಬಿಟ್ಟು ಹೋಗ್ಯಾಳ. ಮನಿಯವರು ಈಗ ಕಿರಾಣಿ ಬಿಲ್ ಹುಡುಕಾಕತ್ತಾರ, ಆಕಿ ಅದನ್ನೂ ಪುಸ್ತಕದಾಗ ಇಟ್ಕೊಂಡು ಹೋಗಿದ್ದು ನಾನು ನೋಡೀನಿ, ಆದ್ರ ಹೇಳಿಲ್ಲ. ನಾಳೆ ಮಾರ್ನಿಂಗ್ ಡ್ಯೂಟಿ, 5ಕ್ಕ ಅಲಾರಾಂ.