ದೂರದಿಂದಲೇ ಕಾಣುವ ಅಕ್ಷರ

ಮಾಂಟ್ರಿಯಲ್‌ನಲ್ಲಿ ಮೂಲೆ ಅಂಗಡಿಗೆ ದೆಪನೇರ್ ಅನ್ನುತ್ತಾರೆ. ಕಳೆದ ತಿಂಗಳು ನಮ್ಮ ಬೀದಿಯ ದೆಪನೇರ್‌ನಲ್ಲಿ ಬಿಯರ್ ಫ್ರಿಜ್ಜಿನ ಮುಂದೆ ಕುಕ್ಕರಗಾಲಲ್ಲಿ ಕೂತು ಒಂದು ಕ್ಯಾನನ್ನು ತಿರುಗಿಸಿ ತಿರುಗಿಸಿ ಓದಿದೆ. ನಾನು ಸದಾ ಕೊಳ್ಳುವ, ಗ್ಲೂಟೆನ್ (ಗೋಧಿ, ಬಾರ್ಲಿ, ರೈಯಲ್ಲಿರುವ ಪ್ರೋಟೀನು) ಇಲ್ಲದ ಬಿಯರೇ ಅದು. ಆದರೆ ಬಣ್ಣ, ಚಿತ್ರ ಎಲ್ಲ ಹೊಸದು. ಪಕ್ಕದಲ್ಲಿ ಅದೇ ಬ್ರೂವರಿಯ ಇನ್ನೆರಡು ಹೊಸ ಬಗೆ. ಸೀಲಿಯಾಕ್, ಅಂದರೆ ಗ್ಲೂಟೆನ್ ತಿಂದರೆ ಕರುಳು ಕೆಡುವ ಕಾಯಿಲೆ, ಇರುವ ನನ್ನಂಥವರಿಗೆ ಹೊಸ ಕ್ಯಾನ್ ಕಂಡರೆ ಮೊದಲು ಎದೆ ಧಸಕ್ಕೆನ್ನುತ್ತದೆ. ಹೊರಗಿನ ಬಣ್ಣದ ಜೊತೆ ಒಳಗಿನ ಕಾಳೂ ಬದಲಾಗಿದ್ದರೆ?

ಗೋಧಿ, ಬಾರ್ಲಿ, ರೈ ಮೂರನ್ನೂ ಜೀವನಪೂರ್ತಿ ಬಿಡಬೇಕು ಅಂತ ಡಾಕ್ಟರು ಹೇಳಿ ಆರು ವರ್ಷವಾಯಿತು. ಇದಕ್ಕೆ ಮಾತ್ರೆಯಿಲ್ಲ, ಪಥ್ಯವೇ ಮದ್ದು. ಮುದ್ದೆ ಉಂಡು ಬೆಳೆದವನಿಗೆ ಚಪಾತಿ ಬಿಡುವುದು ಕಷ್ಟವಾಗಲಿಲ್ಲ. (ಅಂಗಡಿ ಇಂಗಿನ ಪುಡಿಗೂ ಎಷ್ಟೋ ಸಲ ಗೋಧಿಹಿಟ್ಟು ಬೆರೆಸಿರುತ್ತಾರೆ, ಊರಲ್ಲಿ ಇಂಥ ತೊಂದರೆ ಇರುವವರು ದಯವಿಟ್ಟು ನೋಡಿಕೊಳ್ಳಿ.) ಕಷ್ಟವಾಗಿದ್ದು ಬೇಸಿಗೆಯ ಸಂಜೆಗಳು. ಹಿತ್ತಲಲ್ಲಿ ಎಲ್ಲರ ಕೈಯಲ್ಲೂ ಬಿಯರ್, ನನ್ನ ಕೈಯಲ್ಲಿ ಸೋಡಾ.

ಬಾರ್ಲಿ ಇಲ್ಲದೆ ಬಿಯರ್ ಹೇಗೋ ಅಂತ ಅಕ್ಕ ಫೋನಿನಲ್ಲಿ ಕೇಳಿದಳು. "ಅಮ್ಮ ರಾಗಿ ನೆನೆಸಿ, ಒದ್ದೆ ಬಟ್ಟೇಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಹುರೀತಿದ್ಳಲ್ಲಕ್ಕ, ಇವರೂ ಸಿರಿಧಾನ್ಯಕ್ಕೆ ಹಾಗೇ ಮಾಡ್ತಾರೆ" ಅಂದೆ. ಮೊಳಕೆಯೊಡೆದ ಕಾಳಿನಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವ ಹುಟ್ಟುತ್ತದೆ, ಆ ಸಕ್ಕರೆಯನ್ನು ಯೀಸ್ಟ್ ಹುಳಿಸುತ್ತದೆ. ಆದರೆ ಸಿರಿಧಾನ್ಯದಲ್ಲಿ ಆ ಕಿಣ್ವದ ಬಲ ಬಾರ್ಲಿಯಷ್ಟಿಲ್ಲ, ಹಾಗಾಗಿ ಹಲವರು ಹೊರಗಿನಿಂದ ಸೇರಿಸುತ್ತಾರೆ. ಬಾರ್ಲಿಯ ಸಿಪ್ಪೆ ತಾನೇ ಜರಡಿಯಾಗಿ ರಸವನ್ನು ಸೋಸುತ್ತದೆ. ಪುಟ್ಟ ಕಾಳಿಗೆ ಆ ಸಿಪ್ಪೆ ಸಾಲದು, ಅದಕ್ಕೆ ಭತ್ತದ ಹೊಟ್ಟು ಹಾಕಿ ಸೋಸುವುದುಂಟು. ಹೊಟ್ಟಿನ ಮಾತು ಕೇಳಿ ಅಕ್ಕನಿಗೆ ನಂಬಿಕೆಯೇ ಬರಲಿಲ್ಲ.

ಈ ಊರಿನದೇ ಗ್ಲುಟೆನ್‌ಬರ್ಗ್ ಬ್ರೂವರಿ ಸಿರಿಧಾನ್ಯ, ಜೋಳದಂಥ ಕಾಳುಗಳಿಂದ ಬಿಯರ್ ಮಾಡಿ, 2012ರ ವರ್ಲ್ಡ್ ಬಿಯರ್ ಕಪ್‌ನ ಗ್ಲೂಟೆನ್‌ರಹಿತ ವಿಭಾಗದಲ್ಲಿ ಚಿನ್ನ, ಬೆಳ್ಳಿ, ಕಂಚು ಮೂರನ್ನೂ ಗೆದ್ದಿತ್ತು. ಬಾರ್ಲಿ ಬಿಯರಿಗೇ ಕಿಣ್ವ ಹಾಕಿ ಗ್ಲೂಟೆನ್ ಮುರಿಯುವ ದಾರಿಯೂ ಇದೆ. ಅದನ್ನು ಕೆನಡಾದಲ್ಲಿ ಗ್ಲೂಟೆನ್‌ರಹಿತ ಅಂತ ಮಾರುವಂತಿಲ್ಲ. ಮುರಿದ ಚೂರುಗಳು ಪರೀಕ್ಷೆಯಲ್ಲಿ ಸರಿಯಾಗಿ ಸಿಕ್ಕುವುದಿಲ್ಲ. ನನಗೆ ಈ ಕಟ್ಟುನಿಟ್ಟೇ ಸರಿ ಅನ್ನಿಸುತ್ತದೆ.

ಅವತ್ತು ಓದಿ ನೋಡಿದರೆ ಕಾಳುಗಳು ಅವೇ ಇದ್ದವು. ಮೊದಲು ಹಿಂಬದಿಯಲ್ಲಿ ಇರುವೆ ಸಾಲಿನಂತಿದ್ದ 'ಸಾನ್ ಗ್ಲೂಟೆನ್' (ಫ್ರೆಂಚಿನಲ್ಲಿ 'ಗ್ಲೂಟೆನ್ ಇಲ್ಲದ' ಅಂತ) ಈಗ ಮುಂದುಗಡೆ, ಹೆಬ್ಬೆರಳ ಅಗಲದ ಬಿಳಿ ಅಕ್ಷರದಲ್ಲಿ. ಹೊಸ ಎರಡರಲ್ಲಿ ಕಪ್ಪು ಬಿಯರ್ ತಂದೆ. ಲೋಟಕ್ಕೆ ಬಗ್ಗಿಸಿದಾಗ ನೊರೆ ಬೇಗ ಇಳಿಯಿತು, ಆದರೆ ಮೂಗಿಗೆ ಬಂದದ್ದು ಹುರಿದ ರಾಗಿಯ ಘಮ. ಎರಡು ನಿಮಿಷ ಕುಡಿಯದೆ ಹಾಗೇ ಹಿಡಿದುಕೊಂಡಿದ್ದೆ.

ಮೊನ್ನೆ ಶನಿವಾರ ಗೆಳೆಯನ ಮನೆಗೆ ಹೋಗಿದ್ದೆವು. ನನ್ನ ಪಥ್ಯದ ಗಂಧಗಾಳಿ ಇಲ್ಲದ ಅವನ ಅಪ್ಪ, ದಾವಣಗೆರೆಯಿಂದ ಬಂದು ಇನ್ನೂ ಮೂರು ವಾರ, ಫ್ರಿಜ್ ತೆರೆದು ಅದೇ ಕ್ಯಾನ್ ನಾಲ್ಕು ತೋರಿಸಿದರು. "ಮಗ ಬರೆದುಕೊಟ್ಟಿದ್ದ ಎರಡು ಪದ, ದೂರದಿಂದಲೇ ಕಾಣ್ತು ನೋಡಪ್ಪ" ಅಂದರು. ಪಕ್ಕದಲ್ಲಿ ಬೇರೆಯಾಗಿ ತೊಳೆದಿಟ್ಟ ಒಂದು ಲೋಟವೂ ಇತ್ತು.